ಲೇಖಕರ ಸಾಲಿನ ಕೊನೆಯ ಹೆಸರು

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಆರೂ ಇಪ್ಪತ್ತು. ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಎದ್ದ ಮೇಲೆ ಬರೆಯಲು ಬಿಡುವುದಿಲ್ಲ ಎಂದು ಈಗಲೇ ಕುಳಿತಿದ್ದೇನೆ.

ಮೊನ್ನೆ ಶುಕ್ರವಾರ ನನ್ನ ಕೆಲಸದ ಕೊನೆಯ ದಿನ. ನಗರದ ಒಂದು ಖಾಸಗಿ ಕಾಲೇಜಿನ ಸಂಶೋಧನಾ ಕಚೇರಿಯಲ್ಲಿ ಎಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಅಧ್ಯಾಪಕರೂ ಪಿಎಚ್.ಡಿ. ವಿದ್ಯಾರ್ಥಿಗಳೂ ಬರೆದ ಪ್ರಬಂಧಗಳನ್ನು ಸಂಶೋಧನಾ ಪತ್ರಿಕೆಗಳು ಕೇಳುವ ರೂಪಕ್ಕೆ ತಂದು, ಅವುಗಳ ಜಾಲತಾಣದಲ್ಲಿ ಸಲ್ಲಿಸುವುದು. ಮೂವತ್ತಮೂರನೇ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಒಂದೇ ಪ್ರಬಂಧದ ಉಲ್ಲೇಖಪಟ್ಟಿಯನ್ನು ಮೂರನೇ ಪತ್ರಿಕೆಯ ನಿಯಮಕ್ಕೆ ಮೂರನೇ ಸಲ ತಿದ್ದುತ್ತ ಕುಳಿತಿದ್ದ ಒಂದು ಮಧ್ಯಾಹ್ನ ಸಾಕು ಅನ್ನಿಸಿತು, ರಾಜೀನಾಮೆ ಬರೆದೆ. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೇಘನಾ ಬೆಂಗಳೂರಿನವಳು. ಶುಕ್ರವಾರ ಅವಳಿಗೆ ಕೆಲಸ ಒಪ್ಪಿಸುವಾಗ ಅರ್ಧ ಗಂಟೆ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಅಂದಳು: "ಮ್ಯಾಮ್, ಬೇಜಾರ್ ಮಾಡ್ಕೋಬೇಡಿ. ಆದ್ರೆ ಇದ್ರಲ್ಲಿ ಕಲಿಯೋಕೆ ಏನಿದೆ? ಫೈಲ್ ಅಪ್‌ಲೋಡ್ ಮಾಡೋದು ತಾನೆ?"

ಬೇಜಾರು ಮಾಡಿಕೊಳ್ಳಲಿಲ್ಲ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಅವಳಿಗೆ ಅಲ್ಲಿ ನಿಂತು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮೇಘನಾ, ಫೈಲ್ ಎಂಬುದು ಬರುವುದಿಲ್ಲ. ಬರುವುದು ಚೂರುಗಳು. ಮುನ್ನುಡಿ ಇಮೇಲಿನಲ್ಲಿ, ಕೋಷ್ಟಕಗಳು ವಾಟ್ಸಾಪಿನಲ್ಲಿ. ಕೋಷ್ಟಕವೆಂದರೆ ಕಾಗದದ ಮೇಲೆ ಬರೆದುಕೊಂಡದ್ದನ್ನು ಮೊಬೈಲಿನಲ್ಲಿ ಹೊಡೆದ ಫೋಟೋ, ಮೂಲೆಯಲ್ಲಿ ಒಂದು ಹೆಬ್ಬೆರಳು. ಉಲ್ಲೇಖಪಟ್ಟಿಯಲ್ಲಿ ವರ್ಷ ಇರುವುದಿಲ್ಲ. ಯಾಕೆಂದು ಕೇಳಿದರೆ, "ಎಲ್ಲಾರಿಗೂ ಗೊತ್ತಿರೋ ಪುಸ್ತಕ ಅದ, ವರ್ಷ ಏನ್ ಮಾಡ್ತಿ?" ಎಂಬ ಉತ್ತರ ಸಿಗುತ್ತದೆ. ಸಾರಾಂಶ ಇಷ್ಟೇ ಪದಗಳಲ್ಲಿರಬೇಕು ಎಂದು ಪತ್ರಿಕೆ ಹೇಳಿದ್ದರೆ ಅದರ ಇಮ್ಮಡಿ ಇರುತ್ತದೆ. ಯಾವ ಪದವನ್ನೂ ತೆಗೆಯಲು ಒಪ್ಪುವುದಿಲ್ಲ, ಎಲ್ಲವೂ ಮುಖ್ಯ.

ನನಗೆ ಡೈರಿ ಬರೆಯುವ ಚಟ. ವಿಷಯ ತಜ್ಞರ ಕೈಗೆ ಹೋಗುವ ಮೊದಲೇ, ಪತ್ರಿಕೆಯ ಕಚೇರಿಯ ತಪಾಸಣೆಯಲ್ಲಿ ವಾಪಸು ಬಂದ ಪ್ರತಿ ಪ್ರಬಂಧದ ಎದುರು ಒಂದು ಕೆಂಪು ಗೆರೆ, ಪಕ್ಕದಲ್ಲಿ ಕಾರಣ. ಈಚೆಗೆ ಎಲ್ಲ ಗೆರೆಗಳನ್ನೂ ಕೂಡಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಒಂದೇ: ಲೇಖಕರಿಗೆ ಕೊಟ್ಟ ಸೂಚನೆಗಳನ್ನು ಲೇಖಕರು ಓದಿಲ್ಲ. ಸಂಶೋಧನೆ ಕೆಟ್ಟದ್ದೆಂದಲ್ಲ. ಚಿತ್ರ ಮಸುಕಾಗಿದೆ; ಲೇಖಕರ ಹೆಸರು ಪ್ರತ್ಯೇಕ ಪುಟದಲ್ಲಿರಬೇಕಾಗಿತ್ತು, ಒಳಗೇ ಉಳಿದಿದೆ; ಸಂಪಾದಕರಿಗೆ ಬರೆದ ಪತ್ರದಲ್ಲಿ ಬೇರೆ ಪತ್ರಿಕೆಯ ಹೆಸರಿದೆ. ಈ ಕೊನೆಯದು ಎಷ್ಟು ಸಲ ಆಗಿದೆ ಎಂದು ಬರೆಯುವುದಿಲ್ಲ, ಕಾಲೇಜಿನ ಮಾನದ ಪ್ರಶ್ನೆ.

ನಾನು ಸೇರಿದಾಗ ಬಹಳ ಪತ್ರಿಕೆಗಳಿಗೆ ಇಮೇಲಿನಲ್ಲಿ ಲಗತ್ತಿಸಿ ಕಳಿಸಿದರೆ ಮುಗಿಯುತ್ತಿತ್ತು. ಈಗ ಪರದೆಯ ಮೇಲೆ ಪುಟದ ಹಿಂದೆ ಪುಟ. ಹಿತಾಸಕ್ತಿಯ ಘೋಷಣೆ, ದತ್ತಾಂಶ ಎಲ್ಲಿಟ್ಟಿದ್ದೀರಿ ಎಂಬ ಹೇಳಿಕೆ, ಯಾವ ಪರವಾನಗಿಯ ಅಡಿಯಲ್ಲಿ ಜಗತ್ತಿಗೆ ಬಿಟ್ಟುಕೊಡುತ್ತೀರಿ ಎಂಬ ಒಪ್ಪಿಗೆ, ಯಾವ ಲೇಖಕ ಯಾವ ಕೆಲಸ ಮಾಡಿದ ಎಂಬ ವಿವರ. ಕೊನೆಯ ಪುಟದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಕೆಂಪು ಅಕ್ಷರ ಬರುತ್ತದೆ, ಏನೆಂದು ಹೇಳುವುದಿಲ್ಲ. ಮತ್ತೆ ಮೊದಲ ಪುಟದಿಂದ ಹುಡುಕಬೇಕು.

ಇನ್ನು ನಮ್ಮ ವಿಭಾಗದ ಮುಖ್ಯಸ್ಥರು, ದೇಸಾಯಿ ಸರ್. ಧಾರವಾಡದ ಕಡೆಯವರು. ಮೂವತ್ತು ವರ್ಷ ಪುಣೆಯಲ್ಲಿದ್ದೂ ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಕನ್ನಡ, ನಡುವಿನ ಎಲ್ಲಕ್ಕೂ ಮರಾಠಿ. ಮಣ್ಣು ಮತ್ತು ನೀರಿನ ವಿಷಯದಲ್ಲಿ ನಿಜವಾದ ಪಂಡಿತರು. ಅವರು ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ನನಗೆ ದಿಗಿಲು.

ಒಮ್ಮೆ ಸಂಭ್ರಮದಿಂದ ಕರೆದರು.

"ಪದ್ಮಾ, ಬಾ ಇಲ್ಲೆ. ನೋಡು, ನನ್ನ ಹುಡಿಕ್ಕೊಂಡು ಪತ್ರ ಬಂದದ. 'ಲೋಕಪ್ರಸಿದ್ಧ ವಿದ್ವಾಂಸರೇ' ಅಂತ ಬರ್ದಾರ. ನಾಕ ದಿನದಾಗ ಛಾಪಸ್ತಾರಂತ."

ಓದಿದೆ. "ಸರ್, ಇದು ಹಲ್ಲಿನ ವೈದ್ಯರ ಪತ್ರಿಕೆ ರೀ."

"ಇರ್ಲಿ. ಮುಕ್ತ ಪತ್ರಿಕೆ ಅಂದ್ರ ಎಲ್ಲಾರಿಗೂ ಮುಕ್ತ ಅಲ್ಲೇನು?"

"ಓದೋರಿಗೆ ಮುಕ್ತ ರೀ. ಮಣ್ಣಿನ ಪ್ರಬಂಧ ಹಲ್ಲಿನವರು ಯಾಕ ಹಾಕ್ತಾರ?"

"ಹಲ್ಲಾಗ ಮಣ್ಣು ಸಿಗೂದಿಲ್ಲೇನು?" ಎಂದು ತಾವೇ ನಕ್ಕರು. ಆದರೆ ಆ ಪತ್ರವನ್ನು ಅಳಿಸಲು ಅವರಿಗೆ ಒಂದು ವಾರ ಬೇಕಾಯಿತು. ಲೋಕಪ್ರಸಿದ್ಧ ಎಂದು ದಿನಾ ಯಾರು ಕರೆಯುತ್ತಾರೆ?

ಇದರಲ್ಲಿ ಹೊಸಬರು ಕಲಿಯಬೇಕಾದದ್ದಿದೆ. ಮುಕ್ತ ಪತ್ರಿಕೆ ಎಂದರೆ ಜಗತ್ತಿನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಪತ್ರಿಕೆ. ಅಂಥ ಒಳ್ಳೆಯ ಪತ್ರಿಕೆಗಳು ಬೇಕಾದಷ್ಟಿವೆ. ಅದೇ ವೇಷ ಹಾಕಿಕೊಂಡು ಲೇಖಕರಿಂದ ಶುಲ್ಕ ಕಿತ್ತುಕೊಳ್ಳುವುದಕ್ಕೆಂದೇ ಕುಳಿತವೂ ಇವೆ. ತಾನಾಗಿ ಹುಡುಕಿಕೊಂಡು ಬಂದು ಹೊಗಳುವ ಪತ್ರಿಕೆಯನ್ನು ಮೊದಲು ಅನುಮಾನಿಸಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಿ. ಎಷ್ಟೋ ಸಲ ತಾವು ಆ ಮಂಡಳಿಯಲ್ಲಿರುವುದು ಅವರಿಗೇ ಗೊತ್ತಿರುವುದಿಲ್ಲ. ಶುಲ್ಕ ಎಷ್ಟು, ವಿನಾಯಿತಿ ಇದೆಯೇ ಎಂಬುದನ್ನು ಸಲ್ಲಿಸುವ ಮೊದಲೇ ಕೇಳಿ. ಅಂಗೀಕಾರವಾದ ಮೇಲೆ ಕೇಳಿದರೆ ಬಹಳ ಪತ್ರಿಕೆಗಳು ಕಿವಿಗೊಡುವುದಿಲ್ಲ.

ಈಗ ಶೈಲಾ ಬಿರಾದಾರಳ ವಿಷಯ. ಇಷ್ಟೆಲ್ಲ ಬರೆಯಲು ಕುಳಿತದ್ದು ಅವಳಿಗಾಗಿಯೇ.

ಶೈಲಾ, ದೇಸಾಯಿ ಸರ್ ಕೈಕೆಳಗಿನ ಪಿಎಚ್.ಡಿ. ವಿದ್ಯಾರ್ಥಿನಿ. ಸೊಲ್ಲಾಪುರದ ಕಡೆಯವಳು, ಮನೆಮಾತು ಕನ್ನಡ. ಇಂದಾಪುರ ತಾಲೂಕಿನ ಕಬ್ಬಿನ ಹೊಲಗಳ ಬಾವಿ ನೀರು ಏಕೆ ಉಪ್ಪಾಗುತ್ತಿದೆ ಎಂಬುದು ಅವಳ ವಿಷಯ. ಮೂರು ಹಂಗಾಮು ಅವಳು ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಹೋಗಿ, ಬಾವಿ ಬಾವಿಗೆ ನಡೆದು, ನೀರನ್ನು ಬಾಟಲಿಗಳಲ್ಲಿ ತುಂಬಿ, ಚೀಲದಲ್ಲಿ ಹೊತ್ತು ತಂದಿದ್ದಾಳೆ. ಕಂಡಕ್ಟರುಗಳಿಗೆ ಅವಳ ಮುಖ ಪರಿಚಯ. "ಕಾಯ್ ತಾಯೀ, ಆಜ್ ಪಣ್ ಗಂಗಾಜಲ ಕಾ?" ಇವತ್ತೂ ಗಂಗಾಜಲವೇನಮ್ಮಾ ಎಂದು ಕಾಡುತ್ತಿದ್ದರಂತೆ. "ಇದನ್ನ ಕುಡುದ್ರ ಗಂಗಾಜಲ ಬಾಯಾಗ ಹಾಕೋ ಹೊತ್ತು ಬರ್ತದ ಅಂತ ಹೇಳಿದೆ" ಎಂದು ನಮಗೆ ಬಂದು ಹೇಳುತ್ತಿದ್ದಳು.

ಅವಳ ವಿಶ್ವವಿದ್ಯಾಲಯದ ನಿಯಮ ಹೀಗೆ: ಮಹಾಪ್ರಬಂಧ ಒಪ್ಪಿಸುವ ಮೊದಲು, ವಿದ್ಯಾರ್ಥಿ ಮೊದಲ ಲೇಖಕನಾಗಿರುವ ಒಂದು ಪ್ರಬಂಧ ಪತ್ರಿಕೆಯೊಂದರಲ್ಲಿ ಅಂಗೀಕಾರವಾಗಿರಬೇಕು. ಶೈಲಾಳ ನೋಂದಣಿಯ ಗಡುವು ಮಾರ್ಚ್ ಕೊನೆ. ಸಿಗಬೇಕಾದ ವಿಸ್ತರಣೆಗಳೆಲ್ಲ ಮುಗಿದಿದ್ದವು. ಮಾರ್ಚ್ ದಾಟಿದರೆ ನೋಂದಣಿ ರದ್ದು. ಪ್ರವೇಶ ಪರೀಕ್ಷೆಯಿಂದ ಮತ್ತೆ ಶುರು.

ಸೆಪ್ಟೆಂಬರಿನಲ್ಲಿ ಪ್ರಬಂಧ ನನ್ನ ಮೇಜಿಗೆ ಬಂತು. ಶೈಲಾ ಬರೆದದ್ದು ಅಚ್ಚುಕಟ್ಟು. ಕೋಷ್ಟಕದಲ್ಲಿ ಹೆಬ್ಬೆರಳಿಲ್ಲ. ಉಲ್ಲೇಖಗಳಿಗೆ ವರ್ಷವಿದೆ, ಪುಟವಿದೆ. ಅವಳ ಕೈ ಹಿಡಿದು ಕುಲುಕಿದೆ. ಒಳ್ಳೆಯ ಮುಕ್ತ ಪತ್ರಿಕೆಯೊಂದನ್ನು ಇಬ್ಬರೂ ಸೇರಿ ಆರಿಸಿದೆವು. ಲೇಖಕರ ಹೆಸರು ಮುಚ್ಚಿ ತಜ್ಞರಿಗೆ ಕಳಿಸುವ ಪತ್ರಿಕೆ ಅದು, ಆದ್ದರಿಂದ ಒಳಗೆ ಎಲ್ಲೂ ಲೇಖಕರ ಗುರುತು ಇರಬಾರದು. ಮೊದಲನೇ ಚಿತ್ರದಲ್ಲಿ ಬಾವಿಯ ಕಟ್ಟೆಯ ಮೇಲೆ ದೇಸಾಯಿ ಸರ್ ನಿಂತಿದ್ದರು.

"ಸರ್, ನಿಮ್ಮ ಫೋಟೋ ತೆಗೀಬೇಕಾಗ್ತದ ರೀ."

"ಯಾಕ? ಟೊಪಗಿ ಹಾಕೀನಿ, ಮಾರಿ ಕಾಣಂಗಿಲ್ಲ."

"ನಿಮ್ಮ ಹೊಟ್ಟೀ ಕಂಡ್ರ ಸಾಕು ರೀ ಸರ್, ಅರ್ಧ ಮಹಾರಾಷ್ಟ್ರ ಗುರ್ತು ಹಿಡೀತದ" ಎಂದಳು ಶೈಲಾ. ಆ ಮಾತಿಗೆ ಫೋಟೋ ಹೋಯಿತು. ಬರೀ ಬಾವಿ ಉಳಿಯಿತು.

ಹೆಸರುಗಳ ಪುಟ ಮಾತ್ರ ಸರ್ ತಾವೇ ಬರೆದು ಕೊಡುತ್ತೇನೆ ಎಂದಿದ್ದರು. ಕೊಟ್ಟರು. ಮೊದಲು ಸಂಸ್ಥೆಯ ಅಧ್ಯಕ್ಷರು, ಅಂದರೆ ಎಲ್ಲರೂ ಸಾಹೇಬರು ಎಂದು ಕರೆಯುವವರು. ಆಮೇಲೆ ಪ್ರಾಂಶುಪಾಲರು. ಆಮೇಲೆ ದೇಸಾಯಿ ಸರ್. ಎಲ್ಲಕ್ಕಿಂತ ಕೆಳಗೆ ಶೈಲಾ.

ನನಗೆ ಮೈ ಉರಿಯಿತು. ಈ ಊರಿನಲ್ಲಿ, ಯಾವ ಊರಿನಲ್ಲೂ, ಮೇಲಿನವರು ಕೆಳಗಿನವರ ಕೆಲಸವನ್ನು ತಮ್ಮ ಹೆಸರಿಗೆ ಹಾಕಿಕೊಳ್ಳುವುದು ಹೊಸತಲ್ಲ. ಆದರೆ ಸರ್ ಅಂಥವರಲ್ಲ ಎಂದುಕೊಂಡಿದ್ದೆ. ಕಾಗದ ಹಿಡಿದು ಅವರ ಕೋಣೆಗೆ ಹೋದೆ.

"ಸರ್, ಶೈಲಾನ ಹೆಸರು ಕೆಳಗ ಹಾಕೀರಿ."

"ಹೌದು. ಆಕೀದ ಕಾರ್ಯ ಅಲ್ಲೇನು ಇದು?"

"ಅದಕ್ಕ ಕೇಳ್ತೀನ್ರಿ. ಆಕೀದಂದ್ರ ಮ್ಯಾಲ ಇರಬೇಕಲ್ಲ?"

ಸರ್ ಕನ್ನಡಕ ತೆಗೆದು ನನ್ನನ್ನು ಪಾಪದ ಹುಡುಗಿಯಂತೆ ನೋಡಿದರು. "ನೀ ಎಂದೂ ಲಗ್ನಪತ್ರಿಕಾ ಓದೀಯೋ ಇಲ್ಲೋ? ಮ್ಯಾಲ ಯಾರು? ಹಿರೇರು. ಯಾರ ಆಶೀರ್ವಾದದಿಂದ ನಡೀತದ, ಅವ್ರು. ಕೆಳಗ 'ತಮ್ಮ ವಿನೀತರು' ಅಂತ ಯಾರ ಹೆಸರು ಬರ್ತದ? ಯಾರ ಮನೀ ಕಾರ್ಯ, ಅವ್ರದು. ಮಂದಿ ಪತ್ರಿಕಾ ತಗದ ಕೂಡ್ಲೆ ಕೆಳಗ ನೋಡ್ತಾರ. ನಾ ಆಕೀಗೆ ಮಾನದ ಜಾಗಾ ಕೊಟ್ಟೀನಿ."

ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ಹಾಗೇ ನಂಬಿದ್ದರು. ಮೂವತ್ತು ವರ್ಷದ ಅವರ ಎಲ್ಲ ಪ್ರಬಂಧಗಳೂ ಕಾಲೇಜಿನ ಸ್ಮರಣ ಸಂಚಿಕೆಗಳಲ್ಲಿ, ಪರಿಷತ್ತುಗಳ ನಡಾವಳಿಗಳಲ್ಲಿ ಬಂದವು. ಅಲ್ಲೆಲ್ಲ ಅವರು ಇದೇ ಸಾಲು ಹಾಕಿದ್ದರು, ಯಾರೂ ಬೇಡ ಎಂದಿರಲಿಲ್ಲ.

"ಸರ್, ಪತ್ರಿಕೆಯವರೂ ವಿಶ್ವವಿದ್ಯಾಲಯದವರೂ ಮೊದಲನೇ ಹೆಸರನ್ನ ಮುಖ್ಯ ಅಂತಾರ."

"ನಾನೂ ಓದೀನಿ. ಕಡೀ ಹೆಸರಿಗೆ ಅಲ್ಲೆ ಭಾಳ ಕಿಮ್ಮತ್ತದ."

ಇದು ಅರ್ಧ ನಿಜ, ಅದೇ ತಲೆನೋವು. ಹಲವು ವಿಷಯಗಳಲ್ಲಿ ಕೊನೆಯ ಹೆಸರು ಮಾರ್ಗದರ್ಶಕರದು, ಅದಕ್ಕೆ ಬೆಲೆಯಿದೆ. ಆದರೆ ಶೈಲಾ ಮಾರ್ಗದರ್ಶಕಿ ಅಲ್ಲವಲ್ಲ. ಇನ್ನೊಂದು ದಾರಿ ಹಿಡಿದೆ.

"ಯಾವ ಲೇಖಕರು ಏನ್ ಮಾಡ್ಯಾರ ಅಂತ ಬರೀಬೇಕು ರೀ. ಸಾಹೇಬ್ರು ಏನ್ ಮಾಡ್ಯಾರ?"

"ಪ್ರೋತ್ಸಾಹ ಅಂತ ಬರಿ."

"ಪ್ರೋತ್ಸಾಹ ಅನ್ನೋದು ಆ ಪಟ್ಟಿಯೊಳಗ ಇಲ್ಲ ರೀ. ಕಲ್ಪನೆ, ಮಾದರಿ ಸಂಗ್ರಹ, ವಿಶ್ಲೇಷಣೆ, ಬರವಣಿಗೆ ಇವಷ್ಟ ಅದಾವ. ಪ್ರೋತ್ಸಾಹಕ್ಕ ಕೊನೀಗೆ ಕೃತಜ್ಞತೆ ಅಂತ ಬೇರೆ ಜಾಗಾ ಅದ."

"ಕೃತಜ್ಞತೇನಾ? ಚಹಾ ತಂದು ಕೊಟ್ಟೋರ ಸಾಲಾಗ ಸಾಹೇಬ್ರನ್ನ ಕೂಡಸ್ತೀಯೇನು?" ಸರ್ ಮುಖ ಕೆಂಪಾಯಿತು. "ನೀ ಊರಿಗೆ ಹೋಗಿ ಬಾ. ಬಂದ ಮ್ಯಾಲ ಮಾತಾಡೋಣ."

ಮರುದಿನ ನಾನು ತಮ್ಮನ ನಿಶ್ಚಿತಾರ್ಥಕ್ಕೆ ವಿಜಯಪುರಕ್ಕೆ ಹೋಗುವುದಿತ್ತು. ವಾಪಸು ಬಂದು ಕಚೇರಿಯ ಬಾಗಿಲು ತೆಗೆಯುವಷ್ಟರಲ್ಲಿ ಸರ್ ಎದುರಿಗೆ ಬಂದರು, ಮುಖದ ತುಂಬ ಹೆಮ್ಮೆ.

"ಪದ್ಮಾ, ನಾನ ಕಳಿಸಿಬಿಟ್ಟೆ!"

"ಏನ್ ಕಳಿಸಿದ್ರಿ ಸರ್?"

"ಪ್ರಬಂಧ. ಶೈಲಾ ಪಾಪ ಗಡುವು ಗಡುವು ಅಂತ ಒದ್ದಾಡ್ಲಿಕ್ಕತ್ತಿದ್ಲು. ನಿನ್ನ ದಾರಿ ಯಾಕ ಕಾಯೂದು ಅಂತ ಮನ್ಯಾಗ ಕೂತು ಎಲ್ಲಾ ಪುಟ ತುಂಬಿದೆ. ಕೆಂಪು ಅಕ್ಷರ ಒಂದೂ ಬರಲಿಲ್ಲ ನೋಡು!"

ಎಂಟು ವರ್ಷದಲ್ಲಿ ಅವರು ತಾವಾಗಿ ಸಲ್ಲಿಸಿದ ಮೊದಲ ಪ್ರಬಂಧ. ಅದೂ ಒಂದೇ ಏಟಿಗೆ ಹೋಗಿದೆ. ಹೆಸರುಗಳ ಸಾಲು ಅವರು ಬರೆದಂತೆಯೇ. ಸಾಹೇಬರ ಎದುರು "ಕಲ್ಪನೆ" ಎಂದು ಗುರುತು ಹಾಕಿದ್ದರು.

ಡೈರಿಯಲ್ಲಿ ಆ ದಿನ ನಾನು ಬರೆದದ್ದು ಒಂದೇ ಸಾಲು: ಅಕ್ಟೋಬರ್ ಏಳು, ಸರ್ ಕಂಪ್ಯೂಟರ್ ಕಲಿತರು.

ಸಲ್ಲಿಸಿದ ಮೇಲೆ ಲೇಖಕರ ಸಾಲು ಬದಲಿಸಬೇಕೆಂದರೆ ಎಲ್ಲ ಲೇಖಕರೂ ಸಹಿ ಮಾಡಿದ ಪತ್ರ ಬೇಕು, ಕಾರಣ ಸಹಿತ. ಆ ಪತ್ರ ಬರೆಯುತ್ತಿದ್ದೆ. ಅಷ್ಟರಲ್ಲಿ ಪತ್ರಿಕೆಯಿಂದಲೇ ಪತ್ರ ಬಂತು. ಸಲ್ಲಿಕೆಯಾದ ಕೂಡಲೇ ಪ್ರತಿಯೊಬ್ಬ ಲೇಖಕರಿಗೂ ಒಂದು ಇಮೇಲ್ ಹೋಗುತ್ತದೆ: ನೀವು ಈ ಪ್ರಬಂಧದ ಲೇಖಕರು ಹೌದೇ, ಅಲ್ಲವೇ? ಸಾಹೇಬರ ಇಮೇಲ್ ನೋಡುವವನು ಅವರ ಆಪ್ತ ಸಹಾಯಕ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಪರದೇಶದ ಇಮೇಲ್, ಒತ್ತಲು ಎರಡು ಗುಂಡಿ, ನಡುವೆ ಸಾಹೇಬರ ಹೆಸರು.

"ಫ್ರಾಡ್ ವಾಟ್ಲಾ ಮಲಾ, ಮ್ಯಾಡಮ್," ಅಂದ. ವಂಚನೆ ಅನ್ನಿಸಿತಂತೆ. ಬ್ಯಾಂಕಿನ ಹೆಸರಲ್ಲಿ ಎಷ್ಟು ಮೋಸ ನಡೆಯುತ್ತಿದೆ ಎಂದು ನನಗೇ ಪಾಠ ಹೇಳಿದ. "ಅಲ್ಲ" ಎಂಬ ಗುಂಡಿ ಒತ್ತಿದ್ದ.

ಅವನನ್ನು ಬೈಯಲು ಬಾಯಿ ಬರಲಿಲ್ಲ. ಇಡೀ ಪ್ರಕರಣದಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಪತ್ರಿಕೆ ಪ್ರಬಂಧವನ್ನು ತಡೆಹಿಡಿಯಿತು. ಮೊದಲ ಲೇಖಕರೇ ತಾವು ಲೇಖಕರಲ್ಲ ಎಂದಿದ್ದಾರೆ. ಸಂಸ್ಥೆಯಿಂದ ವಿವರಣೆ ಬರುವವರೆಗೆ ತಜ್ಞರಿಗೆ ಕಳಿಸುವುದಿಲ್ಲ. ಇದರಲ್ಲಿ ಪತ್ರಿಕೆಯ ತಪ್ಪೇನೂ ಇಲ್ಲ, ಹಾಗೇ ಮಾಡಬೇಕು.

ವಿವರಣೆ ಎಂದರೆ ಎರಡು ಸಾಲು: ಸಾಹೇಬರ ಹೆಸರು ತಪ್ಪಾಗಿ ಸೇರಿದೆ, ಸರಿಯಾದ ಸಾಲು ಇದು. ಆದರೆ ಅದರ ಮೇಲೆ ಸಾಹೇಬರ ಸಹಿ ಬೇಕು. ಸಹಿ ಕೇಳಬೇಕಾದರೆ ಹೆಸರು ಹಾಕಿದ್ದೆವು ಎಂದು ಅವರಿಗೆ ಹೇಳಬೇಕು. ಹೇಳಿದ ಬಾಯಲ್ಲೇ ತೆಗೆಯುತ್ತೇವೆ ಎಂದೂ ಹೇಳಬೇಕು. ಸರ್‌ಗೆ ಕಾಲು ಬರಲಿಲ್ಲ. ಈ ವಾರ ಸಾಹೇಬರ ಮನಸ್ಸು ಸರಿಯಿಲ್ಲ ಎಂದರು. ಮುಂದಿನ ವಾರ ದೀಪಾವಳಿ ಎಂದರು. ದೀಪಾವಳಿ ಆದ ಮೇಲೆ ಸಾಹೇಬರು ಊರಲ್ಲಿಲ್ಲ ಎಂದರು. ನಾನು ದಿನಾ ಕೇಳುತ್ತಿದ್ದೆ, ಡೈರಿಯಲ್ಲಿ ದಿನಾ "ಇಲ್ಲ" ಎಂದು ಬರೆಯುತ್ತಿದ್ದೆ. ಬರೀ "ಇಲ್ಲ"ಗಳ ಮೂರು ಪುಟ.

ನವೆಂಬರ್ ಕೊನೆಯ ವಾರ ಶೈಲಾ ಬಂದಳು. ಅಲ್ಲಿಯವರೆಗೆ ಅವಳು ಸರ್ ಎದುರು ಒಂದು ಗಟ್ಟಿ ಮಾತು ಆಡಿದ್ದನ್ನು ನಾನು ಕಂಡಿರಲಿಲ್ಲ. ತಮಾಷೆ ಮಾಡುತ್ತಿದ್ದಳು, ವಾದ ಮಾಡುತ್ತಿರಲಿಲ್ಲ. ಆ ದಿನ ಕೂರಲಿಲ್ಲ.

"ಸರ್, ಕಳದ ವರ್ಷ ನಿಮ್ಮ ಮಗಳ ಲಗ್ನ ಆತಲ್ಲ ರೀ. ಪತ್ರಿಕಾದಾಗ ಆಕಿ ಹೆಸರು ಎಲ್ಲಿತ್ರಿ?"

ಸರ್‌ಗೆ ಅರ್ಥವಾಗಲಿಲ್ಲ. "ನಡುವ ಇತ್ತು. ಯಾಕ?"

"ಎಷ್ಟು ದೊಡ್ಡದಿತ್ರಿ?"

"ದೊಡ್ಡದು. ಬಂಗಾರದ ಅಕ್ಷರ."

"ನಿಮ್ಮ ಹೆಸರು?"

"ಕೆಳಗ. ವಿನೀತರು ಅಂತ."

"ಹಂಗಾರ ಯಾರ ಕಾರ್ಯ ಅವ್ರು ಕೆಳಗ, ಖರೇ ಅದ. ಆದ್ರ ಯಾರ ಲಗ್ನ, ಅವ್ರ ಹೆಸರು ಬಂಗಾರದಾಗ ಇರ್ತದ. ವಿನೀತರು ನೀವು ರೀ ಸರ್. ಮಂದೀನ ಕರಿಯೋರು ನೀವು. ಈ ಸಂಶೋಧನಾ ನಂದು. ಇದು ನನ್ನ ಲಗ್ನ. ಆ ಬಾವಿಗೆಲ್ಲಾ ಇಳದು ಬಂದಾಕಿ ನಾನು. ನನ್ನ ಹೆಸರು ಎಲ್ಲಿ ಹಾಕ್ತೀರಿ ಹೇಳ್ರಿ."

ದನಿ ಏರಿರಲಿಲ್ಲ. ನಾನು ಸಂಗತಿಯನ್ನು ನಿಯಮಗಳಿಂದ ಬಿಡಿಸಲು ಹೋಗಿ ಸೋತಿದ್ದೆ. ಅವಳು ಸರ್ ಅವರ ಲಗ್ನಪತ್ರಿಕೆಯನ್ನೇ ಅವರ ಕೈಗೆ ತಿರುಗಿಸಿ ಕೊಟ್ಟಳು.

ಸರ್ ಎದ್ದು ಗೋಡೆಯ ಮೊಳೆಯಿಂದ ಟೊಪ್ಪಿಗೆ ತೆಗೆದು ಹಾಕಿಕೊಂಡರು. "ನಡೀರಿ," ಅಂದರು. "ಸಾಹೇಬ್ರು ಇವತ್ತ ಅದಾರ."

ಸಾಹೇಬರ ಕೋಣೆಯಲ್ಲಿ ನಡೆದದ್ದೆಲ್ಲ ಮರಾಠಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತೇನೆ. ಸರ್ ಹಿಂದು ಮುಂದು ಮಾಡುತ್ತ, ಗೌರವದ ಮಾತುಗಳಲ್ಲಿ ಸುತ್ತಿ ಸುತ್ತಿ ವಿಷಯ ಹೇಳಿದರು. ಸಾಹೇಬರು ಅರ್ಧಕ್ಕೇ ತಡೆದರು.

"ಏನು ಪ್ರಬಂಧ ಅದು?"

"ಇಂದಾಪುರದ ಕಡೆ ಬಾವಿ ನೀರು ಉಪ್ಪಾಗುತ್ತಿದೆ, ಕಬ್ಬಿಗೆ ಮಿತಿಮೀರಿ ನೀರು ಬಿಟ್ಟದ್ದೇ ಅದಕ್ಕೆ ಕಾರಣ ಎಂದು, ಸಾಹೇಬರೇ."

"ಮತ್ತೆ ಅದನ್ನು ನಾನು ಹೇಳಿದ್ದೇನೆ ಎಂದು ಬರೆದಿದ್ದೀರಾ?"

"ಕಲ್ಪನೆ ತಮ್ಮದು ಎಂದು..."

"ದೇಸಾಯಿ, ನನ್ನ ಬೀಗರ ತೋಟ ಇಂದಾಪುರದಲ್ಲೇ ಇದೆ! ಕಬ್ಬಿನ ತೋಟ!" ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಎಲ್ಲಿ ಸಹಿ ಮಾಡಬೇಕು? ಇಲ್ಲೇನಾ? ಇಲ್ಲೂ ಮಾಡಲಾ? ಕೃತಜ್ಞತೆಯಲ್ಲೂ ನನ್ನ ಹೆಸರು ಬೇಡ. ಎಲ್ಲೂ ಬೇಡ."

ಇಷ್ಟಕ್ಕೆ ನಾವು ಏಳು ವಾರ ಹೆದರಿ ಕುಳಿತಿದ್ದೆವು. ಸಾಹೇಬರೇ ಹಿಂದೆ ಸರಿದರು ಎಂದು ತಿಳಿದ ಪ್ರಾಂಶುಪಾಲರು ತಮ್ಮ ಹೆಸರನ್ನೂ ತೆಗೆಯಿರಿ ಎಂದು ಫೋನಿನಲ್ಲೇ ಹೇಳಿ, ಸಂಜೆಯೊಳಗೆ ಸಹಿ ಕಳಿಸಿದರು. ಕೊನೆಗೆ ಉಳಿದದ್ದು ಎರಡು ಹೆಸರು: ಮೊದಲು ಶೈಲಾ ಬಿರಾದಾರ, ಆಮೇಲೆ ದೇಸಾಯಿ ಸರ್. ನಿಜವಾಗಿ ಕೆಲಸ ಮಾಡಿದವರೂ ಅವರಿಬ್ಬರೇ.

ಪತ್ರಿಕೆ ವಿವರಣೆಯನ್ನು ಒಪ್ಪಿತು, ಪ್ರಬಂಧವನ್ನು ತಜ್ಞರಿಗೆ ಕಳಿಸಿತು. ತಜ್ಞರು ಇಬ್ಬರು. ಒಬ್ಬರಿಗೆ ಬಾವಿಗಳ ನಕ್ಷೆ ಬೇಕಾಗಿತ್ತು. ಇನ್ನೊಬ್ಬರಿಗೆ ಮಳೆಗಾಲದ ಅಂಕಿ ಪ್ರತ್ಯೇಕ ಬೇಕಾಗಿತ್ತು. ನ್ಯಾಯವಾದ ಪ್ರಶ್ನೆಗಳು. ಶೈಲಾ ಒಂದೊಂದಕ್ಕೂ ಉತ್ತರ ಬರೆದಳು, ನಾನು ಒಂದೊಂದನ್ನೂ ಸಂಖ್ಯೆ ಹಾಕಿ ಜೋಡಿಸಿದೆ. ಹೊಸಬರಿಗೆ ಇದೊಂದು ಮಾತು: ತಜ್ಞರ ಟೀಕೆಗೆ ಉತ್ತರ ಬರೆಯುವಾಗ ಸಿಟ್ಟಿನಲ್ಲಿ ಬರೆದ ಮೊದಲ ಪ್ರತಿಯನ್ನು ಯಾರಿಗೂ ತೋರಿಸಬೇಡಿ. ಎರಡನೆಯದನ್ನು ಕಳಿಸಿ. "ತಾವು ಹೇಳಿದ್ದು ಸರಿ, ಇಂಥ ಪುಟದಲ್ಲಿ ಹೀಗೆ ತಿದ್ದಿದ್ದೇವೆ" ಎಂಬ ಮಾತಿಗಿಂತ ಬೇಗ ಕೆಲಸ ಮಾಡುವ ಮಾತನ್ನು ನಾನು ಕಂಡಿಲ್ಲ.

ಮಾರ್ಚ್ ಬಂತು. ಶೈಲಾ ದಿನಾ ಬೆಳಿಗ್ಗೆ ನನಗೆ ಒಂದೇ ಶಬ್ದದ ಸಂದೇಶ ಕಳಿಸುತ್ತಿದ್ದಳು: "ಬಂತಾ?" ನಾನು ಪತ್ರಿಕೆಗೆ ಎರಡು ಸಲ ವಿನಯದಿಂದ ಬರೆದೆ. ಕೊನೆಯ ತೀರ್ಮಾನ ಸಂಪಾದಕರ ಬಳಿ ಇದೆ ಎಂದರು. ಮಾರ್ಚ್ ಮೂವತ್ತೊಂದು ಕಳೆಯಿತು. ಏಪ್ರಿಲ್ ಎರಡನೇ ವಾರ ಅಂಗೀಕಾರದ ಪತ್ರ ಬಂತು.

ತಡೆಹಿಡಿದ ಆ ವಾರಗಳು ಇಲ್ಲದಿದ್ದರೆ ಫೆಬ್ರವರಿಯಲ್ಲೇ ಬರುತ್ತಿತ್ತು. ನನ್ನ ಡೈರಿಯಲ್ಲಿ ಆ ಲೆಕ್ಕವಿದೆ. ಬೇರೆ ಯಾರಿಗೂ ಅದರಿಂದ ಉಪಯೋಗವಿಲ್ಲ.

ಪ್ರಬಂಧ ಈಗ ಪ್ರಕಟವಾಗಿದೆ. ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು, ಓದುತ್ತಲೂ ಇದ್ದಾರೆ. ಇಂದಾಪುರದ ಬಾವಿಯ ಮಾಲಕರೊಬ್ಬರು ಮೊಬೈಲಿನಲ್ಲಿ ತಮ್ಮ ಬಾವಿಯ ಚಿತ್ರ ನೋಡಿ ಶೈಲಾಳಿಗೆ ಫೋನ್ ಮಾಡಿ, ನನ್ನ ಹೆಸರೆಲ್ಲಿ ಎಂದು ಜಗಳ ತೆಗೆದರಂತೆ. ಕೃತಜ್ಞತೆಯ ಭಾಗಕ್ಕೆ ಇಳಿದು ನೋಡಿ ಎಂದು ಅವಳು ಹೇಳಿದ ಮೇಲೆ ಸಮಾಧಾನವಾಯಿತಂತೆ. ಎಲ್ಲರಿಗೂ ತೆರೆದಿರುವ ಆ ಪ್ರಬಂಧ ಅದನ್ನು ಬರೆದವಳ ಕೆಲಸಕ್ಕೆ ಮಾತ್ರ ಬಂದಿಲ್ಲ. ಅಂಗೀಕಾರ ಗಡುವಿನ ನಂತರದ್ದು, ನೋಂದಣಿ ರದ್ದಾಗುತ್ತದೆ ಎಂದು ವಿಶ್ವವಿದ್ಯಾಲಯ ನೋಟಿಸು ಕಳಿಸಿದೆ.

ದೇಸಾಯಿ ಸರ್ ತಾವೇ ಅರ್ಜಿ ಬರೆದರು. "ವಿಳಂಬ ಆಕಿಂದ ಆಗಿಲ್ಲ, ನನ್ನಿಂದ ಆಗೇದ ಅಂತ ಬರಿ. ಸುತ್ತಿ ಬಳಸಿ ಬರೀಬ್ಯಾಡ" ಎಂದು ನನ್ನಿಂದ ಟೈಪು ಮಾಡಿಸಿ, ಶೈಲಾಳ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಅವರ ಸೇವೆಯಲ್ಲಿ ಅಂಥ ಪತ್ರಕ್ಕೆ ಅವರು ಸಹಿ ಹಾಕಿದ್ದು ಮೊದಲ ಸಲ ಇರಬೇಕು. ಮೂವರೂ ಸೇರಿ ವಿಶ್ವವಿದ್ಯಾಲಯದ ಕಚೇರಿಗೆ ಒಯ್ದು ಕೊಟ್ಟೆವು. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ. ಓದಿ ಹೇಳಿದರು: ಅರ್ಜಿಯನ್ನು ಸಮಿತಿಯ ಮುಂದೆ ಇಡುತ್ತೇನೆ, ಆದರೆ ಸಮಿತಿ ಕೇಳುವುದು ಒಂದೇ ಪ್ರಶ್ನೆ, ಹಿಂದೆ ಹೀಗೆ ಮಾಡಿದ್ದುಂಟಾ? "ಆಧೀಚಂ ಉದಾಹರಣ ಆಣಾ, ಮ್ಯಾಡಮ್." ಹಿಂದಿನ ಉದಾಹರಣೆ ತನ್ನಿ.

ಅದನ್ನು ಹುಡುಕುವುದು ಹೇಗೆಂದು ನನಗೆ ಗೊತ್ತಿಲ್ಲ. ಪ್ರಬಂಧಗಳ ಉಲ್ಲೇಖ ಹುಡುಕಿಕೊಡುತ್ತಿದ್ದೆ, ವಿಶ್ವವಿದ್ಯಾಲಯಗಳ ಸಮಿತಿಗಳು ಮುಚ್ಚಿದ ಬಾಗಿಲ ಹಿಂದೆ ಮಾಡಿದ ತೀರ್ಮಾನಗಳನ್ನು ಯಾವ ಪತ್ರಿಕೆಯೂ ಪ್ರಕಟಿಸುವುದಿಲ್ಲ. ಆದ್ದರಿಂದ ಇದನ್ನು ಓದುವವರಲ್ಲಿ ಕೇಳುತ್ತಿದ್ದೇನೆ. ಲೇಖಕರ ವಿಷಯದಲ್ಲಿ ಪತ್ರಿಕೆ ಪ್ರಬಂಧವನ್ನು ತಡೆಹಿಡಿದ ಅವಧಿಯನ್ನು ಗಡುವಿನಿಂದ ಕಳೆದು, ವಿದ್ಯಾರ್ಥಿಗೆ ಮಹಾಪ್ರಬಂಧ ಒಪ್ಪಿಸಲು ಬಿಟ್ಟ ಪ್ರಸಂಗ ಯಾವ ವಿಶ್ವವಿದ್ಯಾಲಯದಲ್ಲಾದರೂ ನಡೆದಿದ್ದರೆ, ನಿಮಗೇ ಆಗಿದ್ದರೆ, ನಿಮ್ಮ ಅಣ್ಣನಿಗೋ ಗೆಳತಿಗೋ ಆಗಿದ್ದರೆ, ಆದೇಶದ ಪ್ರತಿ ಇಲ್ಲದಿದ್ದರೂ ವರ್ಷ ಮತ್ತು ವಿಭಾಗದ ಹೆಸರು ನೆನಪಿದ್ದರೆ, ಈ ಬರಹ ಅಚ್ಚಾಗುವ ಸಂಚಿಕೆಯ ಸಂಪಾದಕರ ಮೂಲಕ ನನಗೆ ಬರೆಯಿರಿ. ಸಮಿತಿ ಈ ತಿಂಗಳ ಕೊನೆಯ ವಾರ ಕೂರುತ್ತದೆ. ಅರ್ಜಿಯ ಮೇಲಿನ ಮೊದಲ ಹೆಸರು ಶೈಲಾ ಬಿರಾದಾರ.